6 ಇಂಚಿನ ಇ-ರೀಡರ್‌ನಲ್ಲಿ ಹಳೇ ಕನ್ನಡ ಪುಸ್ತಕ ಓದುವವರು ಯಾರಾದರೂ ಇದ್ದೀರಾ?

ತುಂಗಾತೀರ ಕೇಳಿದ್ದು:

ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಮಾತ್ರ ಉದ್ದ, ಸ್ವಲ್ಪ ಸಹಿಸಿಕೊಳ್ಳಿ.

ನನಗೆ ಗ್ಯಾಜೆಟ್ ಹುಚ್ಚು. ಮನೆಯಲ್ಲಿ ಒಂದು ಹಳೇ ನೆಟ್‌ಬುಕ್ (ಅಟಮ್ ಪ್ರೊಸೆಸರ್, 2 ಜಿಬಿ ರ‍್ಯಾಮ್), ಒಂದು ರಾಸ್ಪ್‌ಬೆರಿ ಪೈ 4 (ಅಂಗೈ ಅಗಲದ ಪುಟ್ಟ ಕಂಪ್ಯೂಟರ್), ಗಾಜು ಒಡೆದ ಟ್ಯಾಬ್ಲೆಟ್ ಮತ್ತು 6 ಇಂಚಿನ ಇ-ಇಂಕ್ (ಕಾಗದದ ಹಾಗೆ ಕಾಣುವ ಪರದೆಯ) ರೀಡರ್ ಇವೆ. ನನ್ನ ಹೆಂಡತಿ ಆ ಮೂಲೆಗೆ ಗುಜರಿ ಅಂಗಡಿ ಎಂದೇ ಹೆಸರಿಟ್ಟಿದ್ದಾಳೆ. ಇಂಗ್ಲಿಷ್ ಇ-ಪಬ್ (ಅಕ್ಷರದ ಗಾತ್ರ ಬದಲಿಸಬಹುದಾದ ಇ-ಪುಸ್ತಕ) ಓದುವುದಕ್ಕೆ ಆ 6 ಇಂಚಿನದು ಸಾಕು, ದೂರೇ ಇಲ್ಲ. ತೊಂದರೆ ಶುರುವಾಗುವುದು ಕನ್ನಡಕ್ಕೆ ಬಂದಾಗ.

ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಸಂಗ್ರಹ ತಾಣದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಕನ್ನಡ ಪುಸ್ತಕಗಳು ರಾಶಿ ರಾಶಿ ಇವೆ, ನಿಮಗೆಲ್ಲ ಗೊತ್ತೇ ಇದೆ. ಎಲ್ಲವೂ ಸ್ಕ್ಯಾನ್ ಮಾಡಿದ ಪಿಡಿಎಫ್. ಅಂದರೆ ಅಕ್ಷರ ಅಲ್ಲ, ಅಕ್ಷರದ ಫೋಟೋ. ಅದನ್ನು ಈ ರೀಡರ್‌ಗೆ ಹಾಕಿದರೆ ಇಡೀ ಪುಟ ಇರುವೆ ಸಾಲಿನ ಹಾಗೆ ಕಾಣುತ್ತದೆ. ಮೇಲಿನ ಅಕ್ಷರ ಹೇಗೋ ಓದಬಹುದು, ಒತ್ತಕ್ಷರ ಅಂತೂ ಕೇಳಲೇಬೇಡಿ, 'ಶಾಸ್ತ್ರ'ದಲ್ಲಿ ಸ ಕೆಳಗೆ ಏನೋ ಒಂದು ಚುಕ್ಕೆ ಇದೆ ಅನ್ನಿಸುತ್ತದೆ ಅಷ್ಟೇ. ಎರಡು ಬೆರಳಿನಿಂದ ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಇ-ಇಂಕ್ ಪರದೆ ಅಷ್ಟು ಬೇಗ ಬದಲಾಗುವುದೂ ಇಲ್ಲ, ಪ್ರತಿ ಸಲ ಕಪ್ಪು ಮಿಂಚಿ ಮತ್ತೆ ಬರುತ್ತದೆ.

ಅಪ್ಪ ನಿವೃತ್ತ ಮೇಷ್ಟ್ರು. ಬೆಳಿಗ್ಗೆ ತಿಂಡಿ ಆದ ಕೂಡಲೇ ನಗರ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಪೇಪರ್ ಎಲ್ಲ ಮುಗಿಸಿ ಬರುವವರು. ಅವರಿಗೆ ಬೇಕಾಗಿರುವುದು ಹಳೇ ಕಾಲದ ಪ್ರಬಂಧಗಳು, ನಾಟಕಗಳು. ಅವು ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಲೈಬ್ರರಿಯಲ್ಲಿ ಇದ್ದರೂ ಕಪಾಟಿನ ಯಾವ ಮೂಲೆಯಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಆರ್ಕೈವ್‌ನಲ್ಲಿ ಹುಡುಕಿದರೆ ಒಮ್ಮೊಮ್ಮೆ ಸಿಗುತ್ತದೆ, ಒಮ್ಮೊಮ್ಮೆ ಅದು ಅಲ್ಲಿದೆ ಎಂದು ಖಾತ್ರಿ ಇದ್ದರೂ ಸಿಗುವುದಿಲ್ಲ.

ಈಗ ನನ್ನ ತಲೆಯಲ್ಲಿರುವುದು: 10.3 ಇಂಚಿನ ಇ-ಇಂಕ್ ಟ್ಯಾಬ್ಲೆಟ್ ಕೊಳ್ಳಬೇಕಾ? ಬೆಲೆ ನೋಡಿದರೆ ಒಳ್ಳೆಯ ಲ್ಯಾಪ್‌ಟಾಪ್ ಬೆಲೆಯ ಹತ್ತಿರ ಹೋಗುತ್ತದೆ. ಅಥವಾ ಮಾಮೂಲಿ ಟ್ಯಾಬ್ಲೆಟ್ ಸಾಕಾ? ಅಥವಾ ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಗುರುತಿಸುವುದು) ಮಾಡಿ ಪಠ್ಯ ತೆಗೆದು ಇ-ಪಬ್ ಮಾಡಿದರೆ ಹೇಗೆ? ಅನುಭವ ಇರುವವರು ಹೇಳಿ.

---

ಪಿಕ್ಸೆಲ್ ಪುರಾಣ ಉತ್ತರ:

ದುಡ್ಡು ಖರ್ಚು ಮಾಡುವ ಮುಂಚೆ ಸ್ಕೇಲ್ ತೆಗೆದುಕೊಳ್ಳಿ ಗುರುಗಳೇ.

ನಮ್ಮ ಕನ್ನಡ ಪುಸ್ತಕ ಬಹುಪಾಲು ಡೆಮಿ 1/8 ಅಳತೆಯವು. ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ನಿಮ್ಮ 6 ಇಂಚಿನ ಪರದೆ ಅಂದರೆ ಮೂಲೆಯಿಂದ ಮೂಲೆಗೆ 6 ಇಂಚು, ನಿಜವಾದ ಅಳತೆ 3.6 ಇಂಚು ಅಗಲ, 4.8 ಇಂಚು ಎತ್ತರ. ಇಡೀ ಪುಟ ಅದರಲ್ಲಿ ಕೂರಬೇಕಾದರೆ ಅಕ್ಷರ ಮೂಲದ 56% ಗಾತ್ರಕ್ಕೆ ಇಳಿಯುತ್ತದೆ. ಇರುವೆ ಕಾಣದೆ ಇನ್ನೇನು ಕಾಣಬೇಕು?

ಆದರೆ ಪುಟದಲ್ಲಿ ಅಚ್ಚಾಗಿರುವ ಭಾಗ ಎಷ್ಟು? ಸುತ್ತ ಅಂಚು ಬಿಟ್ಟರೆ ಅಗಲ ಹೆಚ್ಚು ಕಡಿಮೆ 4 ಇಂಚು ಅಷ್ಟೇ. ಅಂಚನ್ನು ಕತ್ತರಿಸಿ ಅಗಲಕ್ಕೆ ಹೊಂದಿಸಿದರೆ 3.6 ಇಂಚಿನಲ್ಲಿ 90% ಗಾತ್ರ ಬಂದೇ ಬಿಟ್ಟಿತು. ಇನ್ನು ರೀಡರ್ ಅನ್ನೇ ಅಡ್ಡ ತಿರುಗಿಸಿ. ಈಗ ಅಗಲ 4.8 ಇಂಚು. 4 ಇಂಚಿನ ಸಾಲು 4.8 ಇಂಚಿನಲ್ಲಿ ನಿಂತರೆ ಅಕ್ಷರ ಅಚ್ಚಾದ ಪುಸ್ತಕಕ್ಕಿಂತಲೂ ದೊಡ್ಡದು, 120%. ಒಂದು ಪುಟವನ್ನು ಎರಡು ಮೂರು ತುಂಡಾಗಿ ಓದಬೇಕಾಗುತ್ತದೆ, ಅದು ಬಿಟ್ಟರೆ ಎಡಕ್ಕೆ ಬಲಕ್ಕೆ ಎಳೆಯುವ ಗೋಳೇ ಇಲ್ಲ. ಬಟನ್ ಒತ್ತಿದರೆ ಮುಂದಿನ ತುಂಡು.

ಇದಕ್ಕೆ ಕಂಪನಿಯವರು ಕೊಟ್ಟಿರುವ ಪಿಡಿಎಫ್ ಓದುಗ ಸಾಲದು. ಕೆಒರೀಡರ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಳ್ಳಿ. ಕೋಬೋ, ಪಾಕೆಟ್‌ಬುಕ್‌ಗೆ ಸುಲಭ, ಫೈಲ್ ನಕಲು ಮಾಡಿದರೆ ಮುಗಿಯಿತು. ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನಕ್ಕೆ ಆ್ಯಪ್ ಇದೆ. ಕಿಂಡಲ್ ಆದರೆ ಜೈಲ್‌ಬ್ರೇಕ್ (ಕಂಪನಿ ಹಾಕಿದ ಬೀಗ ತೆಗೆಯುವುದು) ಮಾಡಬೇಕು, ಎಲ್ಲ ಆವೃತ್ತಿಗೂ ಆಗುವುದಿಲ್ಲ, ಮೊದಲು ನಿಮ್ಮ ಫರ್ಮ್‌ವೇರ್ (ಸಾಧನದ ಒಳಗಿನ ತಂತ್ರಾಂಶ) ಸಂಖ್ಯೆ ನೋಡಿ. ಕೆಒರೀಡರ್‌ನಲ್ಲಿ ಅಂಚು ಕತ್ತರಿಸುವುದು ತಾನಾಗಿಯೇ ಆಗುವಂತೆ ಇಡಬಹುದು. ಆದರೆ ಹಳೇ ಸ್ಕ್ಯಾನ್‌ನಲ್ಲಿ ಅಂಚಿನ ಕಪ್ಪು ಪಟ್ಟಿ, ಲೈಬ್ರರಿ ಸೀಲು, ಯಾರೋ ಪೆನ್ನಲ್ಲಿ ಬರೆದ ಟಿಪ್ಪಣಿ ಎಲ್ಲವನ್ನೂ ಅದು ಪಠ್ಯ ಎಂದುಕೊಳ್ಳುತ್ತದೆ, ಆಗ ಕೈಯಲ್ಲೇ ಚೌಕ ಎಳೆದು ಕೊಡಿ. ಎಡ ಪುಟ, ಬಲ ಪುಟಕ್ಕೆ ಬೇರೆ ಬೇರೆ ಚೌಕ ಬೇಕಾಗುತ್ತದೆ, ಅದಕ್ಕೂ ದಾರಿ ಇದೆ. ಕಾಂಟ್ರಾಸ್ಟ್ ಸ್ವಲ್ಪ ಏರಿಸಿದರೆ ತೆಳು ಅಕ್ಷರ ಗಟ್ಟಿಯಾಗುತ್ತದೆ.

10.3 ಇಂಚಿನದು ಬೇಕೇ ಬೇಕು ಅನ್ನುವುದಾದರೆ: ಅದರ ಪರದೆ ಸುಮಾರು 6.2 ಕ್ಕೆ 8.2 ಇಂಚು. ಡೆಮಿ ಪುಟ ಅಂಚಿನ ಸಮೇತ ಹೆಚ್ಚು ಕಡಿಮೆ ಮೂಲ ಗಾತ್ರದಲ್ಲೇ ಕೂರುತ್ತದೆ. ಸುಖ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮಲಗಿಕೊಂಡು ಒಂದು ಕೈಯಲ್ಲಿ ಹಿಡಿಯುವ ಸುಖ ಹೋಯಿತು. ನನ್ನ ಕೇಳಿದರೆ 7-8 ಇಂಚಿನದೇ ಹದ. ಅದೂ ಈಗಿನದು ಕೆಟ್ಟ ಮೇಲೆ.

ಇನ್ನೊಂದು ಮಾತು. ಕೆಲವು ಪಿಡಿಎಫ್ ಪುಟ ತಿರುಗಿಸಿದರೆ ಐದಾರು ಸೆಕೆಂಡ್ ಸುಮ್ನೆ ನಿಂತುಬಿಡುತ್ತವೆ, ನೋಡಿರುತ್ತೀರಿ. ಅದು ರೀಡರ್ ದೋಷ ಅಲ್ಲ. ಆರ್ಕೈವ್‌ನಲ್ಲಿ ಬಣ್ಣದ ಸ್ಕ್ಯಾನ್‌ಗಳನ್ನು ಜೆಪೆಗ್ 2000 ಎಂಬ ವಿಧಾನದಲ್ಲಿ ಕುಗ್ಗಿಸಿ ಪಿಡಿಎಫ್ ಮಾಡಿರುತ್ತಾರೆ. ಗಾತ್ರ ಕಡಿಮೆಯಾಗುತ್ತದೆ, ಬಿಡಿಸುವುದಕ್ಕೆ ಮಾತ್ರ ಪ್ರೊಸೆಸರ್ ಬೆವರು ಸುರಿಸಬೇಕು, ಇ-ರೀಡರ್‌ನ ಬಡ ಪ್ರೊಸೆಸರ್‌ಗೆ ಅದು ಆಗುವ ಕೆಲಸ ಅಲ್ಲ. ಕಂಪ್ಯೂಟರ್‌ನಲ್ಲಿ ಒಮ್ಮೆ ಕಪ್ಪು-ಬಿಳುಪು ಮಾಡಿ ಹಾಕಿಕೊಂಡರೆ ಪುಟ ಪಟಪಟ ತಿರುಗುತ್ತದೆ. ಹಳೇ ಡಿಜಿಟಲ್ ಲೈಬ್ರರಿ ಸ್ಕ್ಯಾನ್‌ಗಳು ಬಹುತೇಕ ಮೊದಲೇ ಕಪ್ಪು-ಬಿಳುಪು, ಅವಕ್ಕೆ ಈ ತೊಂದರೆ ಕಡಿಮೆ.

---

ಕಾರ್ಡ್ ಡ್ರಾಯರ್ ಉತ್ತರ:

ಲೈಬ್ರರಿ ಕಪಾಟಿನ ಮೂಲೆ ಯಾರಿಗೂ ಗೊತ್ತಿಲ್ಲ ಅಂದಿರಲ್ಲ, ಆ ಮಾತಿಗೆ ಬಂದೆ. ನಾನು ಕಾಲೇಜು ಲೈಬ್ರರಿಯಲ್ಲಿ ಇರುವವಳು. ಸಿಬ್ಬಂದಿ ಕೇಳಿದರೆ ಹೇಳುತ್ತಾರೆ ಸರ್, ಕೇಳಬೇಕು. ತಂದೆಯವರು ದಿನಾ ಹೋಗುತ್ತಾರೆ ಅಂದ ಮೇಲೆ ಪೇಪರ್ ಹಾಲ್‌ನಿಂದ ಒಳಗೆ ಬಂದು ಎರವಲು ವಿಭಾಗದಲ್ಲಿ ಒಂದು ಮಾತು ಹೇಳಲಿ. ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ತೆರಿಗೆಯ ಮೇಲೆ 6% ಗ್ರಂಥಾಲಯ ಕರ ಅಂತ ಪ್ರತ್ಯೇಕ ಸಾಲು ಇರುತ್ತದೆ. 1965ರ ಕಾಯ್ದೆಯಿಂದ ಬಂದದ್ದು. ಕೊಟ್ಟ ದುಡ್ಡಿಗೆ ಪುಸ್ತಕ ಕೇಳುವುದಕ್ಕೆ ಸಂಕೋಚ ಯಾಕೆ?

ಆರ್ಕೈವ್‌ನಲ್ಲಿ ಇದ್ದರೂ ಸಿಗದ ವಿಷಯ. ಅದರ ಕಥೆ ಹೀಗಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂದರೆ ನಮ್ಮ ಬೆಂಗಳೂರಿನ ಐಐಎಸ್‌ಸಿ ಮುಂದೆ ನಿಂತು ಮಾಡಿದ ಕೆಲಸ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಭಾಗ. ದೇಶದ ಬೇರೆ ಬೇರೆ ಕಡೆ ಸ್ಕ್ಯಾನ್ ಕೇಂದ್ರಗಳಿದ್ದವು. ಪುಸ್ತಕದ ಹೆಸರನ್ನು ಕನ್ನಡದಲ್ಲಿ ದಾಖಲಿಸದೆ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಕೂತವರಿಗೆ ತೋಚಿದಂತೆ ಟೈಪ್ ಮಾಡಿದ್ದಾರೆ. ಒಂದೇ ಲೇಖಕರ ಹೆಸರು ನಾಲ್ಕಾರು ಥರ. 'ಶ್ರೀನಿವಾಸ'ದಲ್ಲಿ ಎಚ್ ಇರುತ್ತದೆ ಅಥವಾ ಇರುವುದಿಲ್ಲ, 'ಮೂರ್ತಿ' ಎಂಬಲ್ಲಿ ಯು ಒಂದೋ, ಓ ಎರಡೋ, ಟಿ ಪಕ್ಕ ಎಚ್ ಇದೆಯೋ, ದೇವರೇ ಬಲ್ಲ. ಲೇಖಕರ ಜಾಗದಲ್ಲಿ ಪ್ರಕಾಶಕರು, ಶೀರ್ಷಿಕೆಯ ಜಾಗದಲ್ಲಿ ಮಾಲೆಯ ಹೆಸರು ಇರುವುದೂ ಉಂಟು. ಮೂಲ ತಾಣ ಈಗಿಲ್ಲ, ಆರ್ಕೈವ್‌ನಲ್ಲಿರುವ ಪ್ರತಿಯೇ ಗತಿ, ತಪ್ಪುಗಳೂ ಹಾಗೇ ಅಲ್ಲಿಗೆ ಬಂದಿವೆ.

ನೀವು ನೇರವಾಗಿ ಆರ್ಕೈವ್‌ನಲ್ಲಿ ಹುಡುಕಬೇಡಿ. 'ಪುಸ್ತಕ ಸಂಚಯ' ಎಂಬ ತಾಣ ಇದೆ. ಡಿಜಿಟಲ್ ಲೈಬ್ರರಿ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕನ್ನಡ ಅಕ್ಷರದಲ್ಲೇ ಹುಡುಕಬಹುದು. ಈ ಹೆಸರುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದಿದ್ದು ಸ್ವಯಂಸೇವಕರು, 'ಸಮೂಹ ಸಂಚಯ' ಎಂದು ಒಂದು ಪುಟ ಮಾಡಿ ಜನರಿಂದಲೇ ತುಂಬಿಸಿದರು. ನನ್ನ ಲೆಕ್ಕದಲ್ಲಿ ಯಾವ ಹೊಸ ಗ್ಯಾಜೆಟ್‌ಗಿಂತಲೂ ದೊಡ್ಡ ಕೆಲಸ ಅದು. ಸ್ಕ್ಯಾನ್ ಮಾಡುವುದಕ್ಕೆ ಯಂತ್ರ ಸಾಕು, ಇದು ಯಾವ ಪುಸ್ತಕ ಎಂದು ಹೇಳುವುದಕ್ಕೆ ಓದು ಬಲ್ಲ ಮನುಷ್ಯ ಬೇಕು. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲೇ ಲೈಬ್ರರಿಗಳಿಗೆ ಐದು ಸೂತ್ರ ಬರೆದು, ನಾಲ್ಕನೆಯದರಲ್ಲಿ ಓದುಗರ ಸಮಯ ಉಳಿಸಿ ಅಂದರು. ನಾವು ಪುಸ್ತಕ ಉಳಿಸಿದೆವು, ಸಮಯ ಉಳಿಸಲಿಲ್ಲ. (ಅವರು ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದರು, 1962ರಲ್ಲಿ ಇಲ್ಲಿಯೇ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಶುರು ಮಾಡಿದರು. ನಮ್ಮ ಹುಡುಗರಿಗೆ ಹೇಳಿದರೆ ಹೌದಾ ಮೇಡಂ ಅನ್ನುತ್ತಾರೆ.)

ಈಚೆಗೆ ಆರ್ಕೈವ್‌ನ 'ಸರ್ವೆಂಟ್ಸ್ ಆಫ್ ನಾಲೆಜ್' ಸಂಗ್ರಹದಲ್ಲಿ ಬರುತ್ತಿರುವ ಸ್ಕ್ಯಾನ್‌ಗಳು ಚೆನ್ನಾಗಿವೆ, ಬಣ್ಣದಲ್ಲಿವೆ, ಕನ್ನಡದಲ್ಲೇ ಹೆಸರು ಇರುವುದೂ ಜಾಸ್ತಿ.

---

ತುಂಗಾತೀರ:

ಪಿಕ್ಸೆಲ್ ಸಾರ್, ಅಡ್ಡ ತಿರುಗಿಸಿ ಅಂಚು ಕತ್ತರಿಸಿ ನೋಡಿದೆ. ಒತ್ತಕ್ಷರ ಕಾಣುತ್ತಿದೆ! ಅಪ್ಪನ ಕೈಗೆ ಕೊಟ್ಟರೆ "ಇದರಲ್ಲಿ ಪುಟ ಸಂಖ್ಯೆ ಎಲ್ಲಿ ಹೋಯಿತು" ಅಂದರು. ಅಂಚಿನ ಜೊತೆ ಅದೂ ಕತ್ತರಿಸಿ ಹೋಗಿತ್ತು. ಮೇಷ್ಟ್ರಿಗೆ ಪುಟ ಸಂಖ್ಯೆ ಬೇಕೇ ಬೇಕು, ಚೌಕ ದೊಡ್ಡದು ಮಾಡಿ ಕೊಟ್ಟಿದ್ದೇನೆ.

ಮೇಡಂ, ಪುಸ್ತಕ ಸಂಚಯದಲ್ಲಿ ಎರಡು ನಾಟಕ ಸಿಕ್ಕವು, ಒಂದು ತಿಂಗಳಿಂದ ಹುಡುಕುತ್ತಿದ್ದವು.

ಓಸಿಆರ್ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು ಆಸೆಯೂ ಇದೆ. ನಮ್ಮೂರ ಪಂಚಾಯಿತಿ ಲೈಬ್ರರಿಯಲ್ಲಿ (ಈಗ ಅರಿವು ಕೇಂದ್ರ ಅನ್ನುತ್ತಾರೆ) ಈ ರಾಸ್ಪ್‌ಬೆರಿ ಪೈ ಇಟ್ಟು, ಪುಸ್ತಕ ತುಂಬಿಸಿ, ವೈಫೈ ಹಿಡಿದವರು ಯಾರು ಬೇಕಾದರೂ ಮೊಬೈಲ್‌ನಲ್ಲಿ ಓದುವ ಹಾಗೆ ಮಾಡಿದರೆ? ಇಂಟರ್ನೆಟ್ ಬೇಕಾಗುವುದಿಲ್ಲ. ಸುಮ್ನೆ ಕನಸಾ, ಆಗುವ ಮಾತಾ?

---

ಕಮಾಂಡ್ ಲೈನ್ ಕೆಂಚ ಉತ್ತರ:

ಓಸಿಆರ್ ನನ್ನ ಇಲಾಖೆ, ಬಂದೆ ನೋಡ್ರಿ.

ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶದ 4ನೇ ಆವೃತ್ತಿ 2018ರಲ್ಲಿ ಬಂದ ಮೇಲೆ ಕನ್ನಡ ಎಷ್ಟೋ ಸುಧಾರಿಸಿದೆ. ಹೊಸ ಪುಸ್ತಕ, ಒಳ್ಳೆ ಸ್ಕ್ಯಾನ್ ಆದರೆ ಭೇಷ್ ಅನ್ನುವ ಹಾಗೆ ಓದುತ್ತದೆ. ಹಳೇ ಮೊಳೆ ಅಚ್ಚಿನ (ಲೋಹದ ಅಕ್ಷರ ಜೋಡಿಸಿ ಅಚ್ಚು ಮಾಡಿದ) ಪುಸ್ತಕಕ್ಕೆ ಬಂದರೆ ಮಾತ್ರ ಮಜಾ ಶುರು. ಸವೆದ ಮೊಳೆಯಲ್ಲಿ 'ಧ'ದ ಕೆಳಗಿನ ಸೀಳು ಶಾಯಿಯಿಂದ ತುಂಬಿ 'ದ' ಆಗುತ್ತದೆ, 'ಥ'ದ ಚುಕ್ಕೆ ಮಾಯ, ಅನುಸ್ವಾರದ ಸೊನ್ನೆಯನ್ನು ಕನ್ನಡ ಅಂಕಿಯ ಸೊನ್ನೆ ಅಂತ ಹಾಕಿ ಬಿಡುತ್ತದೆ. ಕೊನೆಯದು ದೊಡ್ಡ ಕಿರಿಕಿರಿ, ಯಾಕಂದರೆ ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಅದೊಂದನ್ನು ಸ್ಕ್ರಿಪ್ಟ್ ಬರೆದು ಸರಿ ಮಾಡಬಹುದು: ಅಕ್ಷರದ ಬೆನ್ನಿಗೇ ಅಂಕಿಯ ಸೊನ್ನೆ ಬಂದರೆ ಅದು ಅನುಸ್ವಾರ ಎಂದು ಬದಲಿಸಿ. 'ದ-ಧ' ಮಾತ್ರ ಮನುಷ್ಯನೇ ಓದಿ ತಿದ್ದಬೇಕು.

ಅದಕ್ಕೇ ಇ-ಪಬ್ ಮಾಡುವ ಆಸೆ ಬಿಡಿ. ತಪ್ಪು ತುಂಬಿದ ಇ-ಪಬ್ ಕೊಟ್ಟರೆ ನಿಮ್ಮ ತಂದೆಯವರು ಕೆಂಪು ಪೆನ್ನು ಹುಡುಕುತ್ತಾರೆ. ಅದರ ಬದಲು ಒಸಿಆರ್‌ಮೈಪಿಡಿಎಫ್ ಎಂಬುದನ್ನು ಬಳಸಿ. ಅದು ಪುಟದ ಚಿತ್ರವನ್ನು ಹಾಗೇ ಇಟ್ಟು, ಓದಿದ ಪಠ್ಯವನ್ನು ಕಾಣದ ಪದರವಾಗಿ ಹಿಂದೆ ಸೇರಿಸುತ್ತದೆ. ಓದುವಾಗ ಕಣ್ಣಿಗೆ ಮೂಲ ಅಚ್ಚು, ಹುಡುಕುವಾಗ ಹಿಂದಿನ ಪಠ್ಯ. ಹತ್ತರಲ್ಲಿ ಒಂದು ಪದ ತಪ್ಪಿದರೂ ನಿಮಗೆ ಬೇಕಾದ ಅಧ್ಯಾಯ ಸಿಕ್ಕೇ ಸಿಗುತ್ತದೆ. ಓರೆಯಾದ ಪುಟ ನೇರ ಮಾಡುವುದಕ್ಕೂ ಅದರಲ್ಲೇ ಆಯ್ಕೆ ಇದೆ. ಭಾಷೆ ಕನ್ನಡ ಎಂದು ಹೇಳುವುದನ್ನು ಮರೆಯಬೇಡಿ, ಹೇಳದಿದ್ದರೆ ಇಂಗ್ಲಿಷ್ ಎಂದೇ ತಿಳಿದು ಕಸ ಉಗುಳುತ್ತದೆ.

ಕೆ2ಪಿಡಿಎಫ್‌ಆಪ್ಟ್ ಎಂದು ಒಂದಿದೆ, ಓಸಿಆರ್ ಇಲ್ಲದೆ ಪದಗಳ ಚಿತ್ರವನ್ನೇ ಕತ್ತರಿಸಿ ಸಣ್ಣ ಪರದೆಗೆ ಜೋಡಿಸುತ್ತದೆ. ಇಂಗ್ಲಿಷ್‌ಗೆ ಅದ್ಭುತ. ಕನ್ನಡದಲ್ಲಿ ಸಾಲುಗಳು ಒತ್ತೊತ್ತಾಗಿದ್ದರೆ ಒತ್ತಕ್ಷರ ಕೆಳಗಿನ ಸಾಲಿನವರ ತಲೆ ಮೇಲೆ ಹೋಗಿ ಕೂರುತ್ತದೆ. ಪದ್ಯ ಇದ್ದರಂತೂ ಹಾಕಲೇಬೇಡಿ.

ಯಂತ್ರದ ವಿಷಯ. ಓಸಿಆರ್‌ಗೆ ಆ ನೆಟ್‌ಬುಕ್ ಬೇಡ, ಪೈ 4 ಅದಕ್ಕಿಂತ ಚುರುಕು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ಪುಸ್ತಕ ಸಿದ್ಧ. ನೆಟ್‌ಬುಕ್ 32 ಬಿಟ್‌ನದಾದರೆ ಡೆಬಿಯನ್ ಲಿನಕ್ಸ್ 12ಕ್ಕೇ ನಿಲ್ಲಿಸಿ, 13ರಲ್ಲಿ ಹಳೇ 32 ಬಿಟ್ ಕಂಪ್ಯೂಟರ್‌ಗೆ ಇನ್‌ಸ್ಟಾಲರ್ ತೆಗೆದುಬಿಟ್ಟಿದ್ದಾರೆ. ನೆಟ್‌ಬುಕ್ ಅನ್ನು ಬರೆಯುವುದಕ್ಕೆ ಇಟ್ಟುಕೊಳ್ಳಿ, ಅಷ್ಟಕ್ಕೆ ಬೇಕಾದಷ್ಟಾಯಿತು. ಅಪ್ಪನ ಹಳೇ 'ನುಡಿ', 'ಬರಹ' ತಂತ್ರಾಂಶಗಳ ಫೈಲ್‌ಗಳು ಇದ್ದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ ಇಡಿ. ಅವು ಆ ಫಾಂಟ್ ಇಲ್ಲದೆ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಗುರುತುಗಳು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ವೈಫೈ ಲೈಬ್ರರಿ ಕನಸೇನಲ್ಲ. ಪೈ ಮೇಲೆ ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದ ಸರ್ವರ್ ಹಾಕಿ. ಕೆಒರೀಡರ್‌ನಲ್ಲಿ ಒಪಿಡಿಎಸ್ ಕ್ಯಾಟಲಾಗ್ ಎಂದು ಇದೆ, ಅಲ್ಲಿ ವಿಳಾಸ ಕೊಟ್ಟರೆ ಪುಸ್ತಕದ ಪಟ್ಟಿ ರೀಡರ್ ಒಳಗೇ ಬರುತ್ತದೆ, ಕೇಬಲ್ ಹುಡುಕುವ ಕೆಲಸ ಇಲ್ಲ. ಮೊಬೈಲ್‌ನವರಿಗೆ ಬ್ರೌಸರ್ ಸಾಕು. ಪುಸ್ತಕಗಳನ್ನು ಮೆಮೊರಿ ಕಾರ್ಡ್‌ನಲ್ಲಿ ಇಡಬೇಡಿ, ಕರೆಂಟ್ ಹೋಗಿ ಬಂದು ಆದರೆ ಮೊದಲು ಸಾಯುವುದು ಅದೇ. ಯುಎಸ್‌ಬಿ ಡಿಸ್ಕ್ ಹಾಕಿ, ಅದರ ಇನ್ನೊಂದು ಪ್ರತಿ ಮನೆಯಲ್ಲಿರಲಿ.

---

ಕಾರ್ಡ್ ಡ್ರಾಯರ್:

ಪಂಚಾಯಿತಿ ಲೈಬ್ರರಿ ವಿಷಯಕ್ಕೆ ನನ್ನದೂ ಎರಡು ಮಾತು, ಸ್ವಲ್ಪ ಖಾರ ಇದೆ.

ಮೊದಲು ಹಕ್ಕುಸ್ವಾಮ್ಯ. ಆರ್ಕೈವ್‌ನಲ್ಲಿ ಇದೆ ಅಂದ ಮಾತ್ರಕ್ಕೆ ಎಲ್ಲವೂ ಮುಕ್ತ ಅಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ. ಶ್ರೀಕಂಠಯ್ಯ ಮತ್ತು ಕೈಲಾಸಂ 1946ರಲ್ಲಿ ಹೋದವರು, ಅವರ ಬರಹ ಹಂಚಿದರೆ ತೊಂದರೆ ಇಲ್ಲ. ಬೇಂದ್ರೆ 1981, ಮಾಸ್ತಿ 1986, ಕುವೆಂಪು 1994, ಇವರದು ಇನ್ನೂ ಹಕ್ಕಿನಲ್ಲಿದೆ. ಮನೆಯಲ್ಲಿ ನೀವು ಏನು ಓದುತ್ತೀರೋ ನಾನು ಕೇಳುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ನಾಳೆ ಮೇಲ್ವಿಚಾರಕರ ಕೊರಳಿಗೆ ಬರುತ್ತದೆ.

ಎರಡನೆಯದು, ಅಲ್ಲಿಗೆ ಬರುವವರು ಯಾರು ನೋಡಿದ್ದೀರಾ? ಮಧ್ಯಾಹ್ನ ಹೋಗಿ ಕೂತು ನೋಡಿ. ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಶಾಲೆ ಬಿಟ್ಟ ಮೇಲೆ ಮಕ್ಕಳು, ಪೇಪರ್‌ಗೆ ಹಿರಿಯರು. ಅವರಿಗೆ ನೂರು ವರ್ಷ ಹಿಂದಿನ ನಾಟಕಕ್ಕಿಂತ ಮೊದಲು ಬೇಕಾಗಿರುವುದು ಹಳೇ ಪ್ರಶ್ನೆಪತ್ರಿಕೆ, ಪಠ್ಯಪುಸ್ತಕ, ಮಕ್ಕಳ ಕಥೆ. ಪಠ್ಯಪುಸ್ತಕದ ಪಿಡಿಎಫ್ ಸರ್ಕಾರವೇ ಉಚಿತವಾಗಿ ಕೊಡುತ್ತದೆ, ಕನ್ನಡ ಮಕ್ಕಳ ಕಥೆಗಳು ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯಲ್ಲೇ ಇವೆ. ಅವನ್ನು ತುಂಬಿಸಿ, ಜೊತೆಗೆ ನಿಮ್ಮ ನಾಟಕಗಳೂ ಇರಲಿ.

ಇನ್ನು ಉತ್ಸಾಹದಲ್ಲಿ ಆ ಲೈಬ್ರರಿ ಪಟ್ಟಿಗೆಲ್ಲ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹಾಕುತ್ತೇನೆ ಅಂತ ಹೊರಡಬೇಡಿ. ಕೋಹಾ ಒಳ್ಳೆಯದು, ನಾವೂ ಬಳಸುತ್ತೇವೆ, ನ್ಯೂಜಿಲೆಂಡ್‌ನ ಒಂದು ಸಣ್ಣ ಗ್ರಂಥಾಲಯ ಸಂಸ್ಥೆಗೆಂದು ಹುಟ್ಟಿ 2000ದಲ್ಲಿ ಮುಕ್ತವಾಗಿ ಹೊರಬಂದದ್ದು. ಆದರೆ ಅದನ್ನು ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕು. ನೀವು ವರ್ಗಾವಣೆ ಆಗಿ ಹೋದರೆ ಪಾಸ್‌ವರ್ಡ್ ಕೂಡ ನಿಮ್ಮ ಜೊತೆ ಹೋಗುತ್ತದೆ. ಸಾವಿರ, ಎರಡು ಸಾವಿರ ಪುಸ್ತಕಕ್ಕೆ ಎಕ್ಸೆಲ್ ಹಾಳೆ ಸಾಕು: ಹೆಸರು ಕನ್ನಡದಲ್ಲಿ, ಲೇಖಕರು ಕನ್ನಡದಲ್ಲಿ, ಯಾವ ಕಪಾಟು, ಎಷ್ಟನೇ ಸಾಲು. ಅಷ್ಟು ಮಾಡಿಕೊಟ್ಟರೆ ಕೈ ಮುಗಿಯುತ್ತಾರೆ.

---

ಕುಡ್ಲದ ಕಂಪ್ಯೂಟರ್ ಉತ್ತರ:

ಇಷ್ಟೆಲ್ಲ ಓದಿದೆ ಮಾರಾಯ್ರೆ, ಒಬ್ಬರೂ ಝೆರಾಕ್ಸ್ ಅಂಗಡಿ ಹೆಸರು ಎತ್ತಲಿಲ್ಲ.

ಎ4 ಹಾಳೆಯನ್ನು ಅಡ್ಡ ಇಟ್ಟು ನಡುವೆ ಮಡಚಿದರೆ ಒಂದೊಂದು ಭಾಗ ಸುಮಾರು 5.8 ಕ್ಕೆ 8.3 ಇಂಚು. ಪಿಕ್ಸೆಲ್ ಅವರು ಹೇಳಿದ ಡೆಮಿ ಪುಟ 5.5 ಕ್ಕೆ 8.5. ಹೆಚ್ಚು ಕಡಿಮೆ ಅದೇ ಅಲ್ವಾ? ಹಾಗಾಗಿ ಹಕ್ಕು ಮುಗಿದ ಪುಸ್ತಕ ಆದರೆ ಬುಕ್‌ಲೆಟ್ ಅಂತ ಪ್ರಿಂಟ್ ಹೊಡೆಸಿ, ಎರಡೂ ಬದಿ. ಒಂದು ಹಾಳೆಯಲ್ಲಿ ನಾಲ್ಕು ಪುಟ, ನೂರಿಪ್ಪತ್ತು ಪುಟದ ನಾಟಕ ಮೂವತ್ತು ಹಾಳೆಯಲ್ಲಿ ಮುಗಿಯುತ್ತದೆ. ನನ್ನ ಮಾವನಿಗೆ ಹೀಗೇ ಮಾಡಿಸಿ ಕೊಡುವುದು, ಇ-ಇಂಕ್ ಬೇಡ, ಚಾರ್ಜೂ ಬೇಡ, ಮೇಷ್ಟ್ರಿಗೆ ಪುಟ ಸಂಖ್ಯೆಯೂ ಉಂಟು. ತಪ್ಪು ಕಂಡರೆ ಪೆನ್ನಲ್ಲಿ ತಿದ್ದಲೂಬಹುದು.

ಎರಡು ಜಾಗ್ರತೆ. ಬಣ್ಣದ ಸ್ಕ್ಯಾನ್ ಹಾಗೇ ಕೊಟ್ಟರೆ ಹಳದಿ ಕಾಗದವೆಲ್ಲ ಬೂದು ಬಣ್ಣವಾಗಿ ಬರುತ್ತದೆ, ಅಂಗಡಿಯವನೂ ಟೋನರ್ ಹೋಯಿತು ಎಂದು ಬೈಯುತ್ತಾನೆ, ಮನೆಯಲ್ಲೇ ಕಪ್ಪು-ಬಿಳುಪು ಮಾಡಿಕೊಂಡು ಹೋಗಿ. ಮತ್ತೆ ಮೂವತ್ತು ಹಾಳೆಗಿಂತ ಜಾಸ್ತಿ ಆದರೆ ಮಡಚಿ ಪಿನ್ ಹೊಡೆಯುವುದಕ್ಕೆ ಆಗುವುದಿಲ್ಲ, ನಡುವೆ ಕತ್ತರಿಸಿ ಸ್ಪೈರಲ್ ಹಾಕಿಸಬೇಕು. ಆಗ ಬುಕ್‌ಲೆಟ್ ಅಂತ ಕೊಡಬೇಡಿ, ಪುಟದ ಕ್ರಮ ಪೂರಾ ಹಾಳಾಗುತ್ತದೆ, ಎ5 ಹಾಳೆಗೆ ನೇರವಾಗಿ ಪ್ರಿಂಟ್ ಮಾಡಿ ಎಂದು ಹೇಳಿ. ಸ್ಪೈರಲ್ ತೂತಿಗೆ ಎಡಗಡೆ ಅರ್ಧ ಇಂಚು ಅಂಚು ಬಿಟ್ಟಿರಿ.